ಅರ್ಕಾವತ್ತಿಗೆ ಒಂಬತ್ತು

ಲಗ್ಗೆರೆ ಶಾಖಾ ಗ್ರಂಥಾಲಯ, ಮೊದಲನೇ ಮಹಡಿ.
ಕೆಳಗೆ ಹಿಟ್ಟಿನ ಗಿರಣಿ.
ಹನ್ನೊಂದಕ್ಕೆ ಅದು ಶುರುವಾದರೆ
ಕೀಬೋರ್ಡಿನ ಮೇಲೆ ರಾಗಿಯ ತೆಳು ಪದರ,
ಸ್ಪೇಸ್ ಬಾರ್ ಒತ್ತಿದರೆ ಬೆರಳಚ್ಚು ಉಳಿಯುತ್ತದೆ.

ನಾನು ಸೇರಿ ಇಪ್ಪತ್ತೆರಡು ದಿನ.
ಅದರಲ್ಲಿ ಮೂರು ದಿನ ತರಬೇತಿ, ಮಧ್ಯಾಹ್ನ ಚಿತ್ರಾನ್ನ:
ಬಾರ್‌ಕೋಡ್ ಎಂದರೇನು, ಸರ್ವರ್ ಎಲ್ಲಿರುತ್ತದೆ,
ಪಾಸ್‌ವರ್ಡ್ ಯಾರಿಗೂ ಹೇಳಬಾರದು.
ಹೇಳಿಕೊಟ್ಟ ಸರ್ ತಮ್ಮದನ್ನು
ಚೀಟಿಯಲ್ಲಿ ಬರೆದು ಮಾನಿಟರಿನ ಅಂಚಿಗೆ ಅಂಟಿಸಿದ್ದರು.

ಸ್ಕ್ಯಾನರ್ ಹಿಡಿಯಲು ಕಲಿಸಿದ್ದು ಅಟೆಂಡರ್ ಮುನಿಯೆಲ್ಲಪ್ಪ:
"ಗುದ್ದಬೇಡಿ ಮೇಡಂ, ದೂರ ಹಿಡೀರಿ,
ಆರತಿ ಎತ್ತೋ ಹಂಗೆ, ನಿಧಾನ."
ನಮ್ಮ ಮನೆಯಲ್ಲಿ ಆರತಿ ಇಲ್ಲ. ಆದರೂ ಅರ್ಥವಾಯಿತು.
ಕೆಂಪು ಗೆರೆ ನಡುಗಿ, ನಿಂತು, ಕೀಂ ಎಂದಿತು.

ಬುಧವಾರ ಸಂಜೆ ಶಿವಗಂಗಮ್ಮ ಬಂದರು,
ಪೀಣ್ಯದ ಗಾರ್ಮೆಂಟ್ಸಿನಿಂದ ನೇರ, ಕೂದಲಲ್ಲಿ ದಾರದ ಚೂರು.
"ಹನ್ನೊಂದು ವರ್ಷದಿಂದ ಬರೀ ಎಡತೋಳು ಹೊಲಿದಿದೀನಿ ಮೇಡಂ.
ಇಡೀ ಅಂಗಿ ಬರಲ್ಲ.
ದರ್ಜಿ ಕೆಲಸದ ಪುಸ್ತಕ ಇದೆಯಾ, ಅಳತೆ ಚಿತ್ರ ಇರೋದು?"

ದರ್ಜಿ ಎಂದು ಟೈಪಿಸಿದೆ.
ಫಲಿತಾಂಶ ಸೊನ್ನೆ.
ಹೊಲಿಗೆ ಎಂದೆ. ಬಂದದ್ದು ಒಂದೇ,
ದನದ ಗಾಯಕ್ಕೆ ಹೊಲಿಗೆ ಹಾಕುವ ವಿಧಾನ.
ಪರದೆಯನ್ನು ಅವರತ್ತ ತಿರುಗಿಸಿದೆ,
ಡಾಕ್ಟರು ಎಕ್ಸ್‌ರೇ ತೋರಿಸಿದ ಹಾಗೆ.
"ಕಂಪ್ಯೂಟರಲ್ಲೇ ಇಲ್ಲ ಅಂದ್ಮೇಲೆ ಇರಲ್ಲ, ಬಿಡಿ ಮೇಡಂ,"
ಅವರೇ ನನ್ನನ್ನು ಸಮಾಧಾನ ಮಾಡಿ
ಮೆಟ್ಟಿಲಿಳಿದರು.

ಗುರುವಾರ ನನ್ನ ಗುರುತಿನ ಚೀಟಿ ಬಂತು, ನೀಲಿ ದಾರದ ಸಮೇತ.
ಹೆಸರು: ನಗಿ೯ಸ್ ಬಾನು.
ನಾನು ನರ್ಗಿಸ್.
ಅರ್ಕಾವತ್ತಿನ ಜಾಗದಲ್ಲಿ
ಒಂಬತ್ತು ಕಾಲು ಮಡಚಿ ಕೂತಿದೆ,
ಹುಟ್ಟಿದಾಗಿನಿಂದ ಅಲ್ಲೇ ಇದ್ದ ಹಾಗೆ.
ತೋರಿಸಿದೆ. ಮುನಿಯೆಲ್ಲಪ್ಪ ಕನ್ನಡಕ ಏರಿಸಿ ಓದಿದ:
"ನಗಿ ಅಂತವ್ರೆ ಮೇಡಂ. ಒಂಬತ್ತು ಸಲ."

ನಕ್ಕೆ.
ನಾಲ್ಕನೆಯದಕ್ಕೋ ಐದನೆಯದಕ್ಕೋ ನಗು ನಿಂತುಹೋಯಿತು.
ದ, ಜಿ, ಒಂಬತ್ತು, ಎಂಟರ್.
ಮೂರು ಪ್ರತಿ. ಕಪಾಟು ಹದಿನಾಲ್ಕು.

ಯಾರೋ ಗುತ್ತಿಗೆ ಹುಡುಗ, ದಾಖಲೆಗೊಂದಕ್ಕೆ ಎಂಬತ್ತು ಪೈಸೆ,
ಅರ್ಕಾವತ್ತಿನ ಕೀಲಿ ಅವನಿಗೆ ಯಾರೂ ತೋರಿಸಿರಲಿಲ್ಲ.
ಕಣ್ಣಿಗೆ ಸರಿ ಕಂಡದ್ದನ್ನು ಒತ್ತಿ ಮನೆಗೆ ಹೋಗಿದ್ದಾನೆ.
ಬೈಯಲು ಬಾಯಿ ಬರಲಿಲ್ಲ.
ಸೂರ್ಯ, ಮಾರ್ಗ, ವರ್ಷ, ತರ್ಕ
ಎಲ್ಲ ಒಳಗೇ ಇದ್ದೂ ಹೊರಗಿನವರಿಗಿಲ್ಲ.
ಕರ್ನಾಟಕವನ್ನು ಹುಡುಕಿದೆ.
ನಮ್ಮ ಗ್ರಂಥಾಲಯದಲ್ಲಿರಲಿಲ್ಲ.

ಒಂದೇ ಏಟಿಗೆ ಬದಲಿಸಿಬಿಡೋಣ ಅನ್ನಿಸಿತು.
ಬೆರಳು ಗುಂಡಿಯ ಮೇಲಿತ್ತು. ಆಗ ನೆನಪಾಯಿತು ಇಸವಿಗಳು:
೧೯೬೯, ೧೯೭೯,
ಪ್ರಕಟವಾದ ವರ್ಷಗಳ ಒಂಬತ್ತೆಲ್ಲ
ಅಕ್ಷರವಾಗಿ ಎದ್ದು ನಿಂತರೆ?
ಮೊದಲು ಬ್ಯಾಕಪ್. ಆಮೇಲೆ
ಅಕ್ಷರದ ಬೆನ್ನಿಗಿರುವ ಒಂಬತ್ತು ಮಾತ್ರ,
ಅಂಕಿಯ ನಡುವಿನದನ್ನು ಮುಟ್ಟಬಾರದು.
ಹೀಗೆಂದು ಯಂತ್ರಕ್ಕೆ ಹೇಳುವ ಒಂದು ಸಾಲು ಬರೆಯಲು
ಎರಡು ರಾತ್ರಿ ಹಿಡಿಯಿತು. ಮೂರು ಸಲ ತಪ್ಪಿತು.
ಎರಡು ಸಾವಿರದ ಮುನ್ನೂರಾ ಆರು ದಾಖಲೆ.
ನಂಬಿಕೆ ಬರದೆ ಇನ್ನೂರನ್ನು
ಕಪಾಟಿಗೇ ಹೋಗಿ ತಾಳೆ ನೋಡಿದೆವು.
ಅವನು ಬೆನ್ನು ಓದುವುದು, ನಾನು ಪರದೆ.

ಶಿವಗಂಗಮ್ಮನ ಫೋನು ಪಾಳಿ ಮುಗಿಯುವವರೆಗೆ ಲಾಕರಿನಲ್ಲಿ.
ಆರು ಮಿಸ್ಡ್ ಕಾಲ್.
ಭಾನುವಾರ ಬಂದರು, ಗಿರಣಿಗೆ ರಜೆ,
ಕೀಂ ಎಂಬ ಸದ್ದು ಆವತ್ತು ಬೀದಿಗೂ ಕೇಳಿರಬೇಕು.
ನಿಂತಲ್ಲೇ ಪುಟ ತಿರುವಿ
ಬಲತೋಳಿನ ಚಿತ್ರಕ್ಕೆ ಬೆರಳಿಟ್ಟುಕೊಂಡು ಕೇಳಿದರು,
"ವಾಪಸು ಯಾವಾಗ?"

ರಸೀದಿ ಕೊಟ್ಟೆ. ಅದರಲ್ಲಿ ತಾರೀಖು ೯.
ಇದು ಒಂಬತ್ತೇ, ಎಂದೆ.
ಅವರಿಗೆ ಅರ್ಥವಾಗಲಿಲ್ಲ.