ಲೇಬಲ್

ಮುಳ್ಳೇರಿಯದ ಪ್ರೆಸ್ಸಿನಲ್ಲಿ
ಕಂಪ್ಯೂಟರಿನಿಂದ ಮುಖ ಎತ್ತದೆ ಸಜಿನಿ ಕೇಳಿದಳು:
ಯಾವ ಹೂವಿನ ಚಿತ್ರ ಹಾಕಲಿ, ಕಮಲಾಕ್ಷಿ ಚೇಚೀ?
ಅವಳಲ್ಲಿ ಸೂರ್ಯಕಾಂತಿ ಇದೆ, ಗುಲಾಬಿ ಇದೆ,
ನಮ್ಮ ಕಡೆ ಯಾರೂ ಕಂಡಿರದ ಒಂದು ನೇರಳೆ ಹೂವೂ ಇದೆ.

ಹೂವಿಲ್ಲ ಅಂದೆ.
ನಕ್ಕಳು.

ಮಕರದಲ್ಲಿ ಕುರಿಯಾಚ್ಚನ ಗುಡ್ಡೆ ಪೂರ್ತಿ ಬೋಳು,
ರಬ್ಬರಿನ ತರಗೆಲೆ ಕಾಲಡಿ ಚರಚರ.
ಹದಿನೈದು ದಿನ ಹೋದರೆ ಚಿಗುರು, ಉಜ್ಜಿದ ತಾಮ್ರದ ಬಣ್ಣ,
ಮೂರು ಎಲೆ ಕೂಡುವ ಗಂಟಿನಲ್ಲಿ
ಸಾಸಿವೆಗಿಂತ ಸಣ್ಣದೊಂದು ಹನಿ.
ತೊಡುವೆಗಳು ಹೋಗುವುದು ಅದಕ್ಕೆ.
ಇದು ಎಲೆಯ ಜೇನು, ಸಜಿನಿ.
ಹೂವಿರುವುದು ನನ್ನ ಹೆಸರಿನಲ್ಲಿ ಮಾತ್ರ,
ಅದೂ ಅಪ್ಪ ಇಟ್ಟದ್ದು.

ಮೇಲೆ ಮಲಯಾಳ, ಕೆಳಗೆ ಕನ್ನಡ, ನಡುವೆ ತೂಕ.
ಮನೆಯಲ್ಲಿ ಆಡುವ ತುಳುವಿಗೆ ಜಾಗ ಉಳಿಯಲಿಲ್ಲ.

‘ಶುದ್ಧ’ ಅಂತ ಹಾಕಲೇ?

ಬೇಡ ಮಾರಾಯ್ತಿ, ಆ ಶಬ್ದ ನನ್ನನ್ನು ಸಾಕುಮಾಡಿದೆ.
ಒಬ್ಬ ಬೆಂಕಿಕಡ್ಡಿ ಅದ್ದಿ ಗೀರಿದ.
ಒಬ್ಬ ಗ್ಲಾಸಿನ ನೀರಿಗೆ ಬಿಟ್ಟು, ಬಗ್ಗಿ,
ಕಳ್ಳನ ಹೆಜ್ಜೆ ಹುಡುಕುವವನಂತೆ ನೋಡಿದ.
ಆದೂರಿನ ಮೇಷ್ಟ್ರು ನಾಯಿಯ ಮುಂದೆ ಇಟ್ಟರಂತೆ,
ಒಳ್ಳೆಯ ಜೇನನ್ನು ನಾಯಿ ಮುಟ್ಟುವುದಿಲ್ಲವಲ್ಲ.
ನೆಕ್ಕಿತಂತೆ.
ನಾಯಿಗೆ ಹಸಿವಾದರೆ ನಾನೇನು ಮಾಡಲಿ.

ತಿಂಗಳೊಳಗೆ ಹರಳು ಕಟ್ಟುತ್ತದೆ ರಬ್ಬರು ಜೇನು,
ಕುಪ್ಪಿಯ ತಳದಲ್ಲಿ ಚಳಿಗಾಲದ ತುಪ್ಪದ ಹಾಗೆ.
ಸಕ್ಕರೆ ಹಾಕಿದ್ದೀರಿ ಅಂತ ವಾಪಸು ತಂದವರಿಗೆ
ದುಡ್ಡು ಕೊಟ್ಟಿದ್ದೇನೆ, ಎರಡು ಸಲ.

ಹಾಕಿಲ್ಲವೇ?
ಆಟಿಯಲ್ಲಿ ಹಾಕಿದ್ದೆ.
ಹತ್ತು ದಿನ ಬಿಡದೆ ಹೊಯ್ದಾಗ
ಎತ್ತಿದರೆ ಪೆಟ್ಟಿಗೆ ಬರೀ ಮರದಷ್ಟೇ ಭಾರ,
ಒಳಗೆ ಒಂದು ಸಣ್ಣ ಗುಂಯ್.
ಗೆರಟೆಯಲ್ಲಿ ಪಾಕ ಇಟ್ಟೆ,
ಬಿದ್ದರೆ ಹತ್ತಿ ಬರಲೆಂದು ಒಂದು ಕಡ್ಡಿ ಇಟ್ಟೆ.
ತಿಂದವು. ಉಳಿದವು.
ಆ ಸಕ್ಕರೆ ಕುಂಭಮಾಸಕ್ಕೆ ಎಲ್ಲಿರುತ್ತದೆ?
ಇದನ್ನೆಲ್ಲ ಬರೆಯುವಷ್ಟು ಸಣ್ಣ ಅಕ್ಷರ
ಸಜಿನಿಯಲ್ಲಿ ಇಲ್ಲ.

ತೆಗೆದದ್ದು ಮೇಲಿನ ಕೋಣೆಯದ್ದು.
ಕೆಳಗಿನದಕ್ಕೆ ಸಂಸಾರ ಕೋಣೆ ಅಂತ ಹೆಸರು,
ಅಲ್ಲಿಗೆ ಕೈ ಹಾಕಬಾರದು ಅಂದಿದ್ದರು ತರಬೇತಿಯವರು.
ಯಾರ ಸಂಸಾರಕ್ಕೂ ಹೇಳಬಹುದಾದ ಮಾತು.

ಮೊನ್ನೆ ಕಾರಡ್ಕದಿಂದ ಉಮ್ಮಾಲಿಮ್ಮ ಬಂದಿದ್ದರು,
ಬಿಸಿಲಲ್ಲಿ ನಡೆದು, ಕೊಡೆಯನ್ನು ಅಂಗಳದಲ್ಲೇ ಮಡಚಿ.
ಮಗಳು ಹೆತ್ತು ಮೂರು ದಿನ, ಕೂಸಿನ ನಾಲಗೆಗೆ ಮುಟ್ಟಿಸಬೇಕು,
ಪೇಟೆಯದ್ದು ಬೇಡ, ನಿನ್ನದೇ ಆಗಬೇಕು.
ಇಡೀ ವರ್ಷದಲ್ಲಿ ಯಾರೂ ಹಾಗೆ ಕೇಳಿರಲಿಲ್ಲ.
ಕೊಡುವುದಿಲ್ಲ ಅಂದೆ.
ವರ್ಷ ತುಂಬದ ಹೊಟ್ಟೆಗೆ ಜೇನು ಆಗದಂತೆ,
ಯಾರದ್ದೇ ಆದರೂ.

ನಿನ್ನ ಜೇನಿನ ಮೇಲೆ ನಿನಗೇ ನಂಬಿಕೆ ಇಲ್ಲವಾ ಕಮಲಾಕ್ಷೀ?

ಜಗಲಿಯಲ್ಲಿ ಇಬ್ಬರೂ ಸುಮ್ಮನೆ ಕೂತೆವು.
ಒಂದು ತೊಡುವೆ ಅವರ ಕೊಡೆಯ ತುದಿಗೆ ಕೂತು,
ಏನೂ ಸಿಗದೆ, ಎದ್ದು ಹೋಯಿತು.
ಆಮೇಲೆ ಅವರು ಸೊಂಟದ ಚೀಲದಿಂದ ನೋಟು ತೆಗೆದರು.
ಹಾಗಾದರೆ ಈಗಲೇ ಹಿಡಿ, ಒಂದು ತೆಗೆದಿಡು.
ಹೆಸರು?
ಇನ್ನೂ ಇಟ್ಟಿಲ್ಲ.

ಬರಿ, ಸಜಿನಿ: ಹಸಿ ಜೇನು. ರಬ್ಬರಿನ ಚಿಗುರಿನದ್ದು.
ಹರಳು ಕಟ್ಟುತ್ತದೆ, ಬಿಸಿಲಿಗಿಟ್ಟರೆ ಕರಗುತ್ತದೆ.
ಮಕ್ಕಳ ಮಾತನ್ನೂ ಬರಿ, ಅದನ್ನು ದೊಡ್ಡದಾಗಿ.
ಚಿತ್ರ ಬೇಕೇ ಬೇಕಾದರೆ ಮೂರು ಎಲೆ.

ಎಷ್ಟು ಪ್ರತಿ?
ಕುಪ್ಪಿ ತೊಂಬತ್ತಾರು. ಎರಡು ಕುರಿಯಾಚ್ಚನಿಗೆ,
ಗುಡ್ಡೆಯ ಬಾಡಿಗೆ ಅಂತ. ಅವರಿಗೂ ಅಂಟಿಸುವ.
ತೊಂಬತ್ತೈದು ಸಾಕು.

ಒಂದು ಅಡಿಗೆಮನೆಯ ಮೇಲಿನ ಹಲಗೆಯಲ್ಲಿದೆ,
ಆಗಲೇ ತಳ ಬೆಳ್ಳಗಾಗಿದೆ.
ಅದರ ಮೇಲೆ ಪೆನ್ಸಿಲಿನಲ್ಲಿ ಬರೆದದ್ದು ಇಷ್ಟೇ:
ಕೂಸು, ಕಾರಡ್ಕ, ಬರುವ ಮೀನ.