ಗಾಜಿನ ಗೂಡಿನಿಂದ

ಪೋಲೆಂಡಿನ ಸಂಸದ ಲಿಸೆವ್ಸ್ಕಿ
ನೀರು ಗುಟುಕರಿಸಿ ಹೇಳುತ್ತಾನೆ:
ನಮ್ಮ ನ್ಯಾಯಾಧೀಶರನ್ನು ನಾವು ಆರಿಸಿದರೆ
ಬ್ರಸೆಲ್ಸಿಗೇಕೆ ಹೊಟ್ಟೆನೋವು?
ಗಡಿ ನಮ್ಮದು. ಯಾರು ಒಳಗೆ, ನಾವೇ ಹೇಳುತ್ತೇವೆ.

ಪುಣೆಯ ಸಭೆಗೆ ಮರಾಠಿಯಲ್ಲಿ ದಾಟಿಸುತ್ತೇನೆ.
ಗಡಿ ಎಂಬಲ್ಲಿ ಬಾಯಿ ತಪ್ಪಿ
ಉಂಬರಠಾ ಅಂದೆ, ಹೊಸ್ತಿಲು.
ಯಾರೋ ತಲೆದೂಗಿದರು.
ತಿದ್ದಲಿಲ್ಲ.

ಊಟಕ್ಕೆ ಕೂತಾಗ ಒಂದು ಫೋಟೋ ತೆಗೆದ:
ಅವನ ದೊಡ್ಡಮ್ಮ, ಎಂಟು ವರ್ಷ, ಬರಿಗಾಲು,
ಕೊಲ್ಹಾಪುರದ ಹತ್ತಿರ ವಳಿವಡೆ ಶಿಬಿರ, ಯುದ್ಧಕಾಲ.
ನಾನು ಏನೂ ಕೇಳಿರಲಿಲ್ಲ. ಅವನೇ ಅಂದ:
"ಅವರು ಉಳಿಯಲು ಬಂದವರಲ್ಲ. ಅಷ್ಟೇ ವ್ಯತ್ಯಾಸ."
ಫೋಟೋದ ಅಂಚನ್ನು ಅಂಗಿಯ ತೋಳಿಗೆ ಒರೆಸಿ
ಪಾಸ್‌ಪೋರ್ಟಿನ ನಡುವೆ ಇಟ್ಟ.

ನಮ್ಮಪ್ಪನೂ ಉಳಿಯಲು ಬಂದವನಲ್ಲ.
ಇಂಡಿಯ ಕಡೆಯಿಂದ ಎರಡು ತಿಂಗಳ ಸೆಂಟ್ರಿಂಗ್ ಕೆಲಸಕ್ಕೆ ಬಂದ,
ಯೇರವಡೆಯಲ್ಲಿ ಮೂವತ್ತೊಂದು ವರ್ಷವಾಯಿತು.
ಈಗಲೂ ಕೇಳಿದರೆ
"ದೀಪಾವಳಿ ಮುಗದ ಮ್ಯಾಲ ಹೊಂಟೆ" ಅಂತಾನೆ.

ಗೂಡಿಗೆ ಮರಳಿದೆ.
ಕಿಟಕಿಯಾಚೆ, ಎದುರು ಕಟ್ಟಡದ ಸಾರುವೆಯಿಂದ
ಯಾವಳೋ ಮಗನನ್ನು ಕೂಗುತ್ತಾಳೆ:
"ಬಿಸಲಾಗ ನಿಂದರಬ್ಯಾಡೋ, ಬಾ ಒಳಗ."

ಒಳಗೆ ಎಲ್ಲಿ? ಗೋಡೆಯೇ ಎದ್ದಿಲ್ಲ ಇನ್ನೂ.
ಕೆಂಪು ದೀಪ ಹತ್ತಿತು. ಕಿವಿಯಲ್ಲಿ ಅವನ ಕೆಮ್ಮು.