ಮೂರು ನಕ್ಷತ್ರ

ಗ್ರಿಮ್ಸ್‌ಬಿಯ ಗಾಳಿಗೆ ಉಪ್ಪು, ಮೀನಿನ ವಾಸನೆ.
ಫೆಬ್ರವರಿಯ ಬುಧವಾರ. ಐದೂವರೆಗೇ ಕತ್ತಲೆ.
ಮೆಟ್ರೊಪೋಲ್ ಟಾಕೀಸಿನ ಬಾಗಿಲಲ್ಲಿ ಹುಟ್ಟಿದ ಸಾಲು
ಬೀಗದ ಕೈ ಮಾಡುವವನ ಅಂಗಡಿ ದಾಟಿ
ಬಸ್ ಸ್ಟಾಪಿನ ಗಾಜಿನ ಗೂಡನ್ನು ಬಳಸಿ ನಿಂತಿದೆ.
ಆಟ ಶುರುವಾಗುವುದು ನಡುರಾತ್ರಿಗೆ.

ಟಿಕೆಟು ಹರಿಯುವವಳು ನಾನು, ಟಾರ್ಚು ಹಿಡಿಯುವವಳೂ.
ಇಣುಕಿ ಎಣಿಸುತ್ತೇನೆ:
ನಲವತ್ತೊಂದು ಜನ,
ಹೆಗಲಿಗೆ ಕಟ್ಟಿದ ಹದಿನೇಳು ಕೆಂಪು ಬಟ್ಟೆ,
ಅದರಲ್ಲೊಂದು ಸ್ನಾನದ ಟವೆಲು.

ಲೊರೇನ್ ಕಾರ್ಖಾನೆಯಲ್ಲಿ ಮೀನು ಸೀಳುವವಳು.
ಹಲ್ಲುನೋವೆಂದು ನಾಳೆಗೆ ರಜೆ ಹಾಕಿದ್ದಾಳೆ.
ಅವಳ ಬೆನ್ನ ಮೇಲಿರುವುದು ಮುಂಗೋಣೆಯ ಕಿಟಕಿಯ ಪರದೆ;
ಉಂಗುರ ಬಿಚ್ಚಲು ಮರೆತಿದ್ದಾಳೆ,
ನಡೆದರೆ ಕಿಣಿಕಿಣಿ.
ಎರಡು ವರ್ಷ ದಿನ ಎಣಿಸಿದ ಮಗ ಡೆಕ್ಲಾನ್
ಈಗ ಗಂಟೆ ಎಣಿಸಲಾರದೆ
ಅವಳ ತೋಳಿಗೆ ಒರಗಿ, ನಿಂತಲ್ಲೇ ನಿದ್ದೆ.

ಗೆಲ್ಲುವುದು ಯಾರೆಂದು ಇಲ್ಲಿ ಎಲ್ಲರಿಗೂ ಗೊತ್ತು.
ನಮ್ಮ ಕಡೆಯ ಬಯಲಾಟದಲ್ಲೂ ಗೊತ್ತಿರುತ್ತಿತ್ತು;
ಆದರೂ ರಾಕ್ಷಸ ಬರುವ ಮೊದಲು
ಚಾಪೆ ಸುತ್ತಿಕೊಂಡು ಎದ್ದವರನ್ನು ಕಂಡವಳಲ್ಲ ನಾನು.
ಕಾಯುವುದೇ ಅರ್ಧ ಆಟ.
ಉಳಿದರ್ಧಕ್ಕೆ ಟಿಕೆಟು.

ಹನ್ನೊಂದೂವರೆಗೆ ಡೆಸ್ಮಂಡ್ ಹೋಲ್‌ರಾಯ್ಡ್ ಬಂದರು,
ಊರಿನ ಪತ್ರಿಕೆಗೆ ಮೂವತ್ತೊಂದು ವರ್ಷದಿಂದ ಚಿತ್ರವಿಮರ್ಶೆ ಬರೆಯುವವರು.
ಸಾಲಿನ ಗಲಾಟೆ ಥಟ್ಟನೆ ತಗ್ಗಿತು,
ಇನ್ಸ್‌ಪೆಕ್ಟರು ಬಂದ ತರಗತಿಯ ಹಾಗೆ.
ಮುಖವಾಡದವರಿಗೆಲ್ಲ ಅವರದು ಒಂದೇ ಲೆಕ್ಕ:
ಎರಡು ನಕ್ಷತ್ರ. ಒಮ್ಮೆ ಒಂದೂವರೆ.
"ಗದ್ದಲ, ಗಾಜು, ಮತ್ತೆ ಗದ್ದಲ" ಎಂದು ಎಂದೋ ಬರೆದದ್ದು
ಲೊರೇನಳಿಗೆ ಇಂದಿಗೂ ಬಾಯಿಪಾಠ.

"ಅವರ ಮಾತು ಕಟ್ಟಿಕೊಂಡು ನಿನಗೇನು?" ಎಂದೆ.
"ಏನೂ ಇಲ್ಲ," ಎಂದಳು. ಉಂಗುರ ಕಿಣಿಗುಟ್ಟಿತು.
"ನಮ್ಮಪ್ಪನೂ ಹಾಗೇ. ನಾನು ಕುಣಿದದ್ದಕ್ಕೆಲ್ಲ
ಪೇಪರಿನ ಹಿಂದಿನಿಂದ ಒಂದು ಹ್ಞೂಂ."

ಕತ್ತಲೆ. ಕಂಪನಿಯ ಚಿಹ್ನೆಗೇ ಶಿಳ್ಳೆ.
ಹಿಂದಿನ ಸಾಲಿನ ಕೊನೆಯ ಕುರ್ಚಿಯಲ್ಲಿ
ಡೆಸ್ಮಂಡರ ಪೆನ್ನಿನ ತುದಿಯ ದೀಪ,
ಬೆಂಕಿಕಡ್ಡಿಯ ತಲೆಯಷ್ಟು, ಗೀಚುತ್ತಲೇ ಇತ್ತು.
ಸೇತುವೆ ಮುರಿದಾಗ ಗೀಚಿತು.
ಚಂದ್ರ ಬಿರಿದಾಗ ಇನ್ನೂ ಜೋರಾಗಿ ಗೀಚಿತು.

ಆಮೇಲೊಂದು ಗಳಿಗೆ.
ಊರು ಕಾಪಾಡಿ ಬಂದವಳು, ಹಾರಬಲ್ಲವಳು,
ಲಿಫ್ಟು ಕೆಟ್ಟ ಕಟ್ಟಡದಲ್ಲಿ
ಅಮ್ಮನ ಮನೆಗೆ ಮೆಟ್ಟಿಲು ಹತ್ತುತ್ತಾಳೆ,
ಒಂದೊಂದಾಗಿ, ಕಟಾಂಜನ ಹಿಡಿದು.
ಬಾಗಿಲಲ್ಲಿ ನಿಂತು ಬೂಟಿನ ಮಸಿ ಒರೆಸುತ್ತಾಳೆ.
ಒಳಗಿಂದ ದನಿ: "ಊಟ ಆಯಿತಾ?"
ಅಷ್ಟೆ. ಸಂಗೀತವೂ ಇಲ್ಲ.

ಹಿಂದಿನ ಸಾಲಲ್ಲಿ ದೀಪ ಆರಿತ್ತು.
ಬ್ಯಾಟರಿ ಮುಗಿಯಿತೇನೋ ಎಂದು ಟಾರ್ಚು ಹಿಡಿದು ಹೋದೆ.
ನೊಣ ಓಡಿಸುವಂತೆ ಕೈ ಬೀಸಿದರು.
ಪೆನ್ನು ಜೇಬಿನಲ್ಲಿತ್ತು.

ಹೆಸರುಗಳ ಪಟ್ಟಿ ಹತ್ತತೊಡಗಿದಾಗ
ಯಾವಾಗಲೂ ಮೊದಲು ಏಳುವವರು ಕೂತೇ ಇದ್ದರು,
ಬಾಲದ ಒಂದು ತುಣುಕಿಗಾಗಿ, ಎಲ್ಲರ ಹಾಗೆ.
ಟವೆಲಿನ ಹುಡುಗ ಹಿಂದೆ ತಿರುಗಿ ಪಾಪ್‌ಕಾರ್ನ್ ಚಾಚಿದ.
ಎರಡು ಕಾಳು ತೆಗೆದುಕೊಂಡರು, ಎಣಿಸಿ.

ಡೆಕ್ಲಾನನ ಕಥೆ ಹೇಳಬಾರದು:
ಚಂದ್ರ ಬಿರಿಯುವ ಮೊದಲೇ ಮತ್ತೆ ನಿದ್ದೆ ಹೋಗಿದ್ದ.
ಗುರುವಾರವಿಡೀ ಅತ್ತನಂತೆ.

ಶುಕ್ರವಾರ ಪತ್ರಿಕೆ ಬಂತು.
ಗದ್ದಲವೂ ಇತ್ತು, ಗಾಜೂ ಇತ್ತು, ಎರಡು ಕಾಲಮ್ಮಿನ ತುಂಬ.
ಕೊನೆಗೊಂದು ಸಾಲು:
"ಆ ಮೆಟ್ಟಿಲುಗಳಿಗೆ ನಾನು ಟೋಪಿ ತೆಗೆದೆ."
ಮೂರು ನಕ್ಷತ್ರ.

ಪಾಳಿ ಮುಗಿಸಿ ಕೈ ಸರಿಯಾಗಿ ತೊಳೆಯದೆ
ಲೊರೇನ್ ಕತ್ತರಿಸಿ ತಂದಳು ಅದನ್ನು.
"ಮೂರೇ!" ಎಂದಳು. "ಜಿಪುಣ!"
ಎನ್ನುತ್ತಲೇ ಮಡಚಿ, ಬಿಚ್ಚಿ, ಮತ್ತೆ ಓದಿದಳು.
ಅಂಚಿಗೆ ಮೀನಿನ ಹುರುಪೆಯೊಂದು ಅಂಟಿ ಮಿನುಗುತ್ತಿತ್ತು.
ಅವಳಿಗೆ ಹೇಳಲಿಲ್ಲ ನಾನು.

"ಭಾನುವಾರಕ್ಕೆ ಎರಡು ಟಿಕೆಟು, ಮಧ್ಯಾಹ್ನದ್ದು.
ಮುಂದಿನ ಭಾಗ ಯಾವಾಗ?"
"ಬರುವ ವರ್ಷ, ನವೆಂಬರ್."
ಬೆರಳು ಮಡಚಿ ಲೆಕ್ಕ ಹಾಕಿದಳು.
ಪರದೆಯನ್ನಿನ್ನೂ ಕಿಟಕಿಗೆ ಹಾಕಿಲ್ಲವಂತೆ.
ಎದುರು ಮನೆಯವರು ನೋಡಿದರೆ ನೋಡಲಿ.